ಒಂದ್ ರೌಂಡ್ ಹೋಗ್ಬರಾನ

ಬುದ್ಧಿ ಹೇಳುವವರಲ್ಲಿ ಎರಡು ಬಗೆ. ಎದುರಿಗೆ ಕೂರಿಸಿಕೊಂಡು ಹೇಳುವವರು ಒಂದು, ಪಕ್ಕಕ್ಕೆ ಕರೆದುಕೊಂಡು ನಡೆಯುವವರು ಇನ್ನೊಂದು. ಮೊದಲನೆಯವರ ಕೋಣೆಯಲ್ಲಿ ಮೇಜಿರುತ್ತದೆ, ಮೇಜಿನ ಮೇಲೆ ಗಾಜಿನ ಪೇಪರ್‌ವೇಟ್ ಇರುತ್ತದೆ. ಅವರ ಕಣ್ಣು ನಮ್ಮ ಮುಖದ ಮೇಲೆ, ನಮ್ಮ ಕಣ್ಣು ಆ ಗಾಜಿನೊಳಗಿನ ಬಣ್ಣದ ಹೂವಿನ ಮೇಲೆ. ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹೊರಗೆ ಬಂದರೆ ನೆನಪಿನಲ್ಲಿ ಉಳಿಯುವುದು ಹೂವು ಮಾತ್ರ. ಎರಡನೆಯ ಬಗೆಯವರ ಜೊತೆ ಹೊರಟರೆ ಇಬ್ಬರ ಕಣ್ಣೂ ದಾರಿಯ ಮೇಲೆ. ಮಾತು ನಿಂತರೂ ಮುಜುಗರವಿಲ್ಲ; ಕಾಲಂತೂ ನಡೆಯುತ್ತಲೇ ಇರುತ್ತದೆ. ಮುಖ ನೋಡಿ ಹೇಳಲಾರದ್ದನ್ನು ಮುಂದಿನ ಹುಣಸೆಮರ ನೋಡುತ್ತ ಹೇಳಿಬಿಡಬಹುದು. ಈ ಎರಡನೆಯ ಬಗೆಯವರಲ್ಲಿ ನನಗೆ ದಕ್ಕಿದ್ದವರು ಒಬ್ಬರೇ. ಅವರೂ ಈಗಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ಒಂದೇ ಉಸಿರಿನಲ್ಲಿ ಹೇಳುವವರು ಇಬ್ಬರು: ಬರಗಾಲದ ಪಟ್ಟಿ ಓದುವವರು, ಮತ್ತೆ ನಮ್ಮಂಥ ಮೇಷ್ಟ್ರುಗಳು. ಕಂದಾಯದ ಲೆಕ್ಕಕ್ಕೆ ತುಮಕೂರು ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಎರಡು. ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಮ್ಮ ವರ್ಗಾವಣೆಯ ಅರ್ಜಿ, ಬಡ್ತಿಯ ಆಸೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದ ಎದೆಬಡಿತ ಎಲ್ಲ ಈ ಗಡಿಯೊಳಗೇ. ಕೊರಟಗೆರೆ ಸೀಮೆಯ ನನ್ನನ್ನು ಮೊದಲ ಆದೇಶವೇ ಪಾವಗಡದ ತಿರುಮಣಿ ಕಡೆಯ ಹಳ್ಳಿಗೆ ಹಾಕಿತು. ಸುತ್ತ ಬಹುಪಾಲು ಆಂಧ್ರದ ನೆಲ, ಮಕ್ಕಳ ಮನೆಮಾತು ತೆಲುಗು, ಬಿಸಿಲಿಗೆ ನೆಂಟಸ್ತಿಕೆಯೇ ಗೊತ್ತಿಲ್ಲ. ಅಲ್ಲಿ ಹೆಡ್ ಮೇಷ್ಟ್ರಾಗಿದ್ದವರೇ ನನಗೆ ದಕ್ಕಿದ ಆ ಒಬ್ಬರು.

ಸಂಜೆ ಗಂಟೆ ಹೊಡೆದು, ಮಕ್ಕಳು ಚದುರಿ, ಬಿಸಿಯೂಟದ ಕೋಣೆಗೆ ಬೀಗ ಬಿದ್ದ ಮೇಲೆ ಮೇಷ್ಟ್ರು ಕೊಡೆ ತಗೊಂಡು ಅಂಗಳಕ್ಕೆ ಇಳಿಯುತ್ತಿದ್ದರು. ಆ ಕೊಡೆ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಪಾವಗಡದಲ್ಲಿ ಮಳೆಗೆ ಕೊಡೆ ಹಿಡಿಯುವುದೆಂದರೆ ಮಳೆಗೇ ಅವಮಾನ ಎನ್ನುತ್ತಿದ್ದರು. ಅದು ಬೇಲಿಯ ಮುಳ್ಳು ಸರಿಸುವುದಕ್ಕೆ, ನಾಯಿ ಗದರುವುದಕ್ಕೆ, ದೂರದ್ದನ್ನು ತೋರಿಸುವುದಕ್ಕೆ. “ನಡಿಯಪ್ಪ, ಒಂದ್ ರೌಂಡ್ ಹೋಗ್ಬರಾನ” ಎಂದರೆ ಮುಗಿಯಿತು. ಎಲ್ಲಿಗೆ, ಎಷ್ಟು ಹೊತ್ತು ಎಂದು ಕೇಳುವ ಹಾಗಿಲ್ಲ.

ಕಡ್ಲೆಕಾಯಿ ಕೀಳುವ ಕಾಲ ಬಂದರೆ ಹಾಜರಿ ಅರ್ಧಕ್ಕೆ ಇಳಿಯುತ್ತಿತ್ತು. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಇದಕ್ಕೆ ‘ಪೋಷಕರ ನಿರಾಸಕ್ತಿ’ ಎಂದು ಬರೆದುಕೊಳ್ಳುತ್ತಿದ್ದೆವು. ಮೇಷ್ಟ್ರು ಸಂಜೆ ನನ್ನನ್ನು ಹೊಲಗಳ ನಡುವೆ ಕರೆದುಕೊಂಡು ಹೋದರು. ಗಿಡ ಕಿತ್ತು ಮುಗಿದ ಹೊಲದಲ್ಲಿ ನಮ್ಮ ಐದನೇ ತರಗತಿಯ ಮುಕ್ಕಾಲು ಪಾಲು ಹಕ್ಕಲು ಆಯುತ್ತ ಕೂತಿತ್ತು. ಮಣ್ಣಿನೊಳಗೆ ಉಳಿದ ಒಂದೊಂದೇ ಕಾಯಿ ಕೆದಕಿ ತೆಗೆದು ಲಂಗದ ಮಡಿಲಿಗೆ, ಚಡ್ಡಿ ಜೇಬಿಗೆ ತುಂಬಿಕೊಳ್ಳುತ್ತಿದ್ದರು. ನಮ್ಮನ್ನು ಕಂಡು ಓಡಲು ಎದ್ದವರನ್ನು ಮೇಷ್ಟ್ರು ತೆಲುಗಿನಲ್ಲಿ ಕೂರಿಸಿ, ತಾವೂ ಕುಕ್ಕರುಗಾಲಲ್ಲಿ ಕೂತರು. ಒಂದು ಸೇರಿಗೆ ಎಷ್ಟು ಬೊಗಸೆ, ಅಂಗಡಿಯವನು ಸೇರಿಗೆ ಏನು ಕೊಡುತ್ತಾನೆ, ನೋಟ್‌ಬುಕ್ಕಿಗೆ ಎಷ್ಟು ಸೇರು ಬೇಕು. ಬೆರಳಿನ ಮಣ್ಣು ಒರೆಸಿಕೊಳ್ಳುತ್ತ ಮಕ್ಕಳು ಹೇಳಿದ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ವಾಪಸು ಬರುವಾಗ ಮೇಷ್ಟ್ರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಡಿಲಿಂದ ಮಕ್ಕಳು ಕೊಟ್ಟ ಕಾಯಿ ಸುಲಿಯುತ್ತ ತಮ್ಮ ಮಗಳ ಮದುವೆಯ ಛತ್ರದ ವಿಚಾರ ಮಾತಾಡಿದರು.

ನೀರಿನ ವಿಷಯವೂ ಹಾಗೆಯೇ ತಿಳಿದದ್ದು. ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಉತ್ತರ ಹೇಳುತ್ತಾರೆ, ಎಷ್ಟು ನಾಚಿಕೆ ಸಾರ್ ಎಂದೆ. ಅವರು ಊರ ಹೊರಗಿನ ಕೈಪಂಪಿನ ಹತ್ತಿರ ನಿಂತರು. ನೀರು ಹಿಡಿಯಲು ಬಂದಿದ್ದ ಹೆಂಗಸರನ್ನು ಮಾತಾಡಿಸಿ ಏನೋ ಹೇಳಿ ನಗಿಸಿದರು. ಅಜ್ಜಿಯಿಂದ ಮೊಮ್ಮಗಳವರೆಗೆ ನಕ್ಕವರೆಲ್ಲರ ಹಲ್ಲಿನ ಮೇಲೂ ಕಂದು ಗೆರೆ, ನಕ್ಕವರೆಲ್ಲರ ಕೈಯೂ ಬಾಯಿಯ ಮೇಲೆ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಇದೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಅದು ನನ್ನ ತರಗತಿಯೊಳಗೇ ಇದೆ ಎಂದು ಗೊತ್ತಾದದ್ದು ಅಂದು. “ನೀರು ಕುಡಿತೀಯೇನಪ್ಪ?” ಎಂದು ಕೇಳಿ ಮೇಷ್ಟ್ರು ಮುಂದೆ ನಡೆದರು.

2005ರಲ್ಲಿ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸರ ಕ್ಯಾಂಪಿನ ಮೇಲೆ ದಾಳಿ ಮಾಡಿದಾಗ ಇಡೀ ತಾಲ್ಲೂಕು ಸಂಜೆಯಾಗುತ್ತಲೇ ಕದ ಹಾಕಿಕೊಂಡಿತು. ಹೊತ್ತು ಮುಳುಗಿದ ಮೇಲೆ ಹೊಲದ ಕಡೆ ಹೋಗಬೇಡಿ ಎಂದು ಊರವರು ನಮಗೂ ಹೇಳಿದರು. ಮೇಷ್ಟ್ರು ವಾದ ಮಾಡಲಿಲ್ಲ, ನಡಿಗೆಯನ್ನು ಬೆಳಿಗ್ಗೆಗೆ ಹಾಕಿಕೊಂಡರು.

ರಜೆ ಬಂದರೆ ಅವರ ರೌಂಡು ದೊಡ್ಡದಾಗುತ್ತಿತ್ತು. ಮಧುಗಿರಿ ಅವರ ಊರು. 3,930 ಅಡಿಯ ಆ ಏಕಶಿಲಾ ಬೆಟ್ಟವನ್ನು ಕೋಟೆಯ ಬಾಗಿಲುಗಳನ್ನು ದಾಟಿ ಹತ್ತುವಾಗ ಮಾತಿಗೆ ಅವಕಾಶವಿಲ್ಲ. ಮೇಲೆ ಮೇಲೆ ಹೋದಂತೆ ಬಂಡೆಯಲ್ಲಿ ಕಡಿದ ಮೆಟ್ಟಿಲು ಕಾಲಿನ ಮುಂಭಾಗಕ್ಕೆ ಮಾತ್ರ ಸಾಲುತ್ತದೆ. “ಇಲ್ಲಿ ನಿನ್ನ ತೊಂದ್ರೆ ಎಲ್ಲಾ ಕಾಲಿಗೆ ಬಂದಿರ್ತದೆ, ತಲೇಲಿ ಏನೂ ಇರಲ್ಲ, ನೋಡ್ಕೋ” ಎಂದರು. ಶಿರಾದ ಹತ್ತಿರದ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳ ಮೇಲೇ ಗೂಡು ಕಟ್ಟುತ್ತವೆ. ಕೆಳಗೆ ಹಿಕ್ಕೆ, ಕೊಳೆತ ಮೀನಿನ ವಾಸನೆ, ಹಗಲೆಲ್ಲ ಮರಿಗಳ ಗಲಾಟೆ. ಊರವರು ಅವನ್ನು ಓಡಿಸದೆ, ಯಾರಾದರೂ ಓಡಿಸಲು ಬಂದರೆ ಬೈದು ಕಾಯುತ್ತಾರೆ. ಇದರಿಂದ ನಾವು ಕಲಿಯಬೇಕಾದ್ದು ಏನು ಸಾರ್ ಎಂದು ನಾನು ಶುದ್ಧ ಬಿ.ಎಡ್. ಧಾಟಿಯಲ್ಲಿ ಕೇಳಿದೆ. “ವಾಸ್ನೆ ತಡ್ಕಂಡವ್ರೆ, ಅಷ್ಟೆ” ಎಂದರು.

ಕೊರಟಗೆರೆಯ ಸಿದ್ದರಬೆಟ್ಟಕ್ಕೆ ಹೋಗುವಾಗ ಮಾತ್ರ ಚೀಲದಲ್ಲಿ ಒಂದು ಪುಸ್ತಕ ಇರುತ್ತಿತ್ತು. ರಟ್ಟು ಕಿತ್ತುಹೋಗಿ ಹಳೆಯ ಪತ್ರಿಕೆಯ ಹೊದಿಕೆ ಹಾಕಿಸಿಕೊಂಡ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡು ಅಲೆದ ಕಥೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದದ್ದು ಇದಕ್ಕೇ. ಗಿಡದ ಹೆಸರು, ಹುಡುಗರ ತರಲೆ, ಊಟದ ಗೋಳು ಎಲ್ಲ ಒಂದೇ ಹದದಲ್ಲಿ ಬರುವ ಆ ಬರಹವನ್ನು ಮೇಷ್ಟ್ರು ಇಲಾಖೆಯ ಯಾವ ತರಬೇತಿ ಕೈಪಿಡಿಗಿಂತಲೂ ಮೇಲೆ ಇಟ್ಟಿದ್ದರು. ಮೂಲಿಕೆಗೆ ಹೆಸರಾದ ಬೆಟ್ಟವದು. ನಾನು ಗಿಡದ ಹೆಸರು ಕೇಳಿದರೆ ಅವರು ಹೇಳುತ್ತಿರಲಿಲ್ಲ. ಎಲೆ ಹೊಸಕಿ ಮೂಗಿಗೆ ಹಿಡಿಯುತ್ತಿದ್ದರು.

ಅವರಿಗೆ ಈ ಪದ್ಧತಿ ಪುಸ್ತಕದಿಂದ ಬಂದದ್ದಲ್ಲ. ಚಿಕ್ಕಂದಿನಲ್ಲಿ ಅವರು ಕುರಿ ಹಿಂದೆ ತಿರುಗಿದವರು. ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ, ಕುರುಬರ ಹಟ್ಟಿಗಳಲ್ಲಿ ಹುಡುಗ ಕಸುಬು ಕಲಿಯುವುದು ದೊಡ್ಡವರ ಹಿಂದೆ ನಡೆದೇ. ಯಾವ ಸೊಪ್ಪು ಕುರಿಗೆ ಹೊಟ್ಟೆ ಉಬ್ಬಿಸುತ್ತದೆ, ಯಾವ ಹೊಲದವನು ಮಂದೆ ನಿಲ್ಲಿಸಲು ಕರೆಯುತ್ತಾನೆ, ಯಾವನು ಕಲ್ಲು ಬೀಸುತ್ತಾನೆ, ಎಲ್ಲ ದಾರಿ ಸವೆದಂತೆ ತಿಳಿಯಬೇಕು. ಮುಂದೆ ಹೋಗುವವರು ತಿರುಗಿ ಬೋಧನೆ ಮಾಡುತ್ತ ನಿಂತರೆ ಮಂದೆ ಯಾರದೋ ರಾಗಿಗೆ ನುಗ್ಗಿರುತ್ತದೆ.

ನನ್ನ ಬದುಕಿನ ಕಷ್ಟದ ಮಾತನ್ನು ನಾನು ಆಡಿದ್ದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ. ಕೃಷ್ಣಮೃಗಗಳ ಆ ಜಾಗ 2007ರಲ್ಲಿ ಜಯಮಂಗಲಿ ಸಂರಕ್ಷಿತ ಪ್ರದೇಶವಾಯಿತು, 798 ಎಕರೆ. ನಾವು ಹೋಗುತ್ತಿದ್ದುದು ಅದಕ್ಕೂ ಮುಂಚೆ. ಮೊಳಕಾಲೆತ್ತರದ ಒಣಹುಲ್ಲು, ದೂರದಲ್ಲಿ ಸುರುಳಿಕೊಂಬಿನ ಕಪ್ಪು ಗಂಡು, ಸುತ್ತ ಕಂದು ಹೆಣ್ಣುಗಳು. ಮಾತಾಡಿದರೆ ಓಡುತ್ತವೆ, ಆದ್ದರಿಂದ ಬಹಳ ಹೊತ್ತು ಬಾಯಿ ಮುಚ್ಚಿಕೊಂಡಿದ್ದೆವು. ಊರಲ್ಲಿ ಅಪ್ಪ ಕೊರೆಸಿದ ಬೋರುಗಳೆಲ್ಲ ಬರೀ ಧೂಳು ಎಬ್ಬಿಸಿದ್ದವು. ಸಾಲ ನನ್ನ ಸಂಬಳಕ್ಕೆ ಬಗ್ಗುವಂಥದ್ದಲ್ಲ. ಕೆಲಸ ಬಿಟ್ಟು ಬೆಂಗಳೂರಿನ ಭಾವಮೈದುನನ ಟ್ರಾನ್ಸ್‌ಪೋರ್ಟ್ ಸೇರಿಕೊಳ್ಳುತ್ತೇನೆ ಎಂದು ಹುಲ್ಲು ನೋಡುತ್ತ ಹೇಳಿದೆ. ಮೇಷ್ಟ್ರು ಒಂದು ಫರ್ಲಾಂಗ್ ಸುಮ್ಮನೆ ನಡೆದರು. ಆಮೇಲೆ ಕೇಳಿದ್ದು ಒಂದೇ: “ಅಪ್ಪ ಏನಂತಾರೆ?” ಅಪ್ಪನನ್ನು ನಾನು ಕೇಳಿಯೇ ಇರಲಿಲ್ಲ. ಆ ಭಾನುವಾರ ಊರಿಗೆ ಹೋಗಿ ಅಪ್ಪನನ್ನೂ ಕರೆದುಕೊಂಡು ಕೆರೆ ಏರಿಯ ಮೇಲೆ ನಡೆದೆ. ಕೆಲಸ ಉಳಿಯಿತು. ಜಮೀನು ಅರ್ಧ ಹೋಯಿತು. ಅಪ್ಪ ಮತ್ತೆ ಬೋರಿನ ಮಾತೆತ್ತಲಿಲ್ಲ.

ಮೇಷ್ಟ್ರು ನಿವೃತ್ತರಾಗಿ ಮಧುಗಿರಿ ಸೇರಿದರು. ನಾನು ವರ್ಗಾವಣೆಯಲ್ಲಿ ಶಿರಾ ಕಂಡು, ಕೊರಟಗೆರೆ ಕಂಡು ಮಧುಗಿರಿಗೇ ಬಂದೆ. ಈ ನಡುವೆ ನಮ್ಮ ತಿರುಮಣಿ ಕಡೆಯ ಹೊಲಗಳು ದೇಶಕ್ಕೆಲ್ಲ ಸುದ್ದಿಯಾದವು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತು. 2018ರಲ್ಲಿ ಉದ್ಘಾಟನೆ, ಒಟ್ಟು ಸಾಮರ್ಥ್ಯ 2,050 ಮೆಗಾವಾಟ್. ಭೂಮಿ ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಗೊತ್ತುಮಾಡಿದರು. ಮಳೆ ನಂಬಿ ಕೆಟ್ಟವರಿಗೆ ಅದು ಬೀಳದ ಬೆಳೆ. ಕೂಲಿಯವರಿಗೆ ಕಳೆ ಕೀಳುವ ಕೆಲಸ ಹೋಯಿತು, ಕುರಿಯವರಿಗೆ ದಾರಿ ಹೋಯಿತು. ನಾನು ಮೇಷ್ಟ್ರನ್ನು ಬೈಕಿನಲ್ಲಿ ಕೂರಿಸಿಕೊಂಡು ತೋರಿಸಲು ಹೋದೆ. ಹಕ್ಕಲು ಆಯುತ್ತಿದ್ದ ಹೊಲ ಯಾವುದೆಂದು ತಂತಿಬೇಲಿಯ ಈಚೆ ನಿಂತು ಹುಡುಕಿದೆವು. ಬದುವಿಲ್ಲ, ಮರವಿಲ್ಲ, ದಿಕ್ಕೆಲ್ಲ ಒಂದೇ ನೀಲಿ. ನನಗೆ ಹೊಟ್ಟೆ ಉರಿಯಿತು. ಮೇಷ್ಟ್ರು ಮಾತ್ರ ಕೊಡೆಯ ತುದಿಯಿಂದ ಬೇಲಿ ತಟ್ಟಿ, “ಬಿಸ್ಲೂ ಒಂದು ಬೆಳೆ ಆಯ್ತಲ್ಲಪ್ಪ, ಪಾವಗಡದೋರಿಗೆ ಇನ್ನೇನ್ ಬೇಕು” ಎಂದು ನಕ್ಕರು.

ಅವರು ಹೋದದ್ದು 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಗೆ. ನಾಲ್ಕು ತಾಲ್ಲೂಕಿನ ದಾರಿಗಳಲ್ಲಿ ಎಷ್ಟೋ ಜನರ ಜೊತೆ ನಡೆದವರ ಹಿಂದೆ ಅಂದು ನಾಲ್ಕು ಹೆಜ್ಜೆ ನಡೆಯಲು ಯಾರಿಗೂ ಅನುಮತಿ ಇರಲಿಲ್ಲ. ಆಂಬುಲೆನ್ಸ್ ಹೋಯಿತು, ಅಷ್ಟೆ. ಮನೆಯವರು ಆಮೇಲೆ ನನಗೆ ಕೊಡೆ ಕೊಡಲು ಬಂದರು. ಬೇಡವೆಂದೆ, ಅವರ ಮೊಮ್ಮಗನ ಹತ್ತಿರ ಇದೆ.

ಅವರು ಏನೇನು ಬುದ್ಧಿ ಹೇಳಿದರು ಎಂದು ಬರೆಯಲು ಕೂತರೆ ಒಂದು ಪುಟ ತುಂಬುವುದಿಲ್ಲ. ಎಲ್ಲಿ ಹೇಳಿದರು ಎಂಬುದಾದರೆ ನಾಲ್ಕು ತಾಲ್ಲೂಕಿನ ನಕ್ಷೆ ಬೇಕು. ಆ ಮಾತುಗಳನ್ನು ನಾನು ತಲೆಯಲ್ಲಿ ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೆ. ಬೇಲಿಯ ಈಚೆ ನಿಂತಾಗ ತಿಳಿಯಿತು, ಅವು ಬದುವಿನ ಮೇಲೆ, ಪಂಪಿನ ಹತ್ತಿರ, ಹುಣಸೆಯ ಬುಡದಲ್ಲಿ ಇದ್ದವು. ಜಾಗ ಕಂಡರೆ ಮಾತು ತಾನಾಗಿ ಬರುತ್ತಿತ್ತು. ಈಗ ಕೆಲವಕ್ಕೆ ಬರಲು ಜಾಗವೇ ಇಲ್ಲ.

ಹೊಸದಾಗಿ ಸೇರಿದ ಮೇಷ್ಟ್ರುಗಳು ತಮ್ಮ ಕಷ್ಟವನ್ನು ವಾಟ್ಸಾಪಿನಲ್ಲಿ ನನಗೆ ಹೇಳುತ್ತಾರೆ. ಧ್ವನಿಮುದ್ರಿಕೆ ಕಳಿಸುತ್ತಾರೆ, ನಾನೂ ಧ್ವನಿಮುದ್ರಿಕೆಯಲ್ಲೇ ಉತ್ತರ ಕಳಿಸುತ್ತೇನೆ. ಸಕ್ಕರೆ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟ ವಾಕಿಂಗಿಗೆ ಮೈದಾನಕ್ಕೆ ಹೋದರೆ ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಒಬ್ಬ ಹುಡುಗ ಮಾತ್ರ ಮೊನ್ನೆ, “ಸಾರ್, ನಾನೂ ಬರ್ಲಾ?” ಎಂದ. ಬಾ ಎಂದೆ. ಅವನ ತೊಂದರೆ ಅರ್ಧ ಹೇಳುವಷ್ಟರಲ್ಲಿ ನನ್ನ ನಾಲಿಗೆಯ ತುದಿಗೆ ಪರಿಹಾರ ಬಂದು ನಿಂತಿತ್ತು. ಆ ಒಂದು ಫರ್ಲಾಂಗ್ ಸುಮ್ಮನೆ ನಡೆಯುವುದಕ್ಕೆ ಎಷ್ಟು ಶಕ್ತಿ ಬೇಕು ಎಂದು ಆಗ ಗೊತ್ತಾಯಿತು. ದಾರಿ, ಗಿಡ, ಮಕ್ಕಳ ಲೆಕ್ಕ, ತೆಲುಗು ಎಲ್ಲ ಕಲಿಸಿದ ಮೇಷ್ಟ್ರು ಇದನ್ನು ಹೇಗೆ ಮಾಡುತ್ತಿದ್ದರು ಎಂದು ನಾನು ಕೇಳಿಟ್ಟುಕೊಳ್ಳಲಿಲ್ಲ. ಕೇಳಿದ್ದರೂ ಅವರು ಹೇಳುತ್ತಿರಲಿಲ್ಲ, ಒಂದು ರೌಂಡು ಕರೆದುಕೊಂಡು ಹೋಗುತ್ತಿದ್ದರು.