ಕುಕ್ಕರಹಳ್ಳಿ ಕೆರೆಯಾಚೆಯ ತೆರೆದ ಬಾಗಿಲು

ಮೈಸೂರಿಗೆ ಬಂದ ಪ್ರವಾಸಿಗನು ಅರಮನೆಯನ್ನು ನೋಡಿ, ಚಾಮುಂಡಿಬೆಟ್ಟವನ್ನೇರಿ ಇಳಿದು, ಸಂಜೆಗೆ ಬೃಂದಾವನದ ಕಾರಂಜಿಗಳ ಕಡೆಗೆ ಧಾವಿಸುವುದು ವಾಡಿಕೆ. ನಗರದ ಪಶ್ಚಿಮಕ್ಕಿರುವ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಗಳಿಗೆ ನಿಲ್ಲುವವರು ವಿರಳ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆಯಿದು. ಮುಂಜಾನೆ ಹೆಜ್ಜಾರ್ಲೆಗಳು ನೀರಿನ ಮೇಲೆ ನಿಶ್ಚಿಂತೆಯಿಂದ ತೇಲುತ್ತಿರುತ್ತವೆ. ವಾಯುಸೇವನೆಗೆ ಬಂದವರು ಮರಗಳ ನೆರಳಿನಲ್ಲಿ ಬಿರುಸಾಗಿ ಹೆಜ್ಜೆ ಹಾಕುತ್ತಿರುತ್ತಾರೆ. ಒಂದು ಬದಿಗೆ ವಿಶ್ವವಿದ್ಯಾನಿಲಯದ ಕಾರ್ಯಸೌಧವಾದ ಕ್ರಾಫರ್ಡ್ ಭವನ, ಇನ್ನೊಂದು ಬದಿಗೆ ಮಾನಸಗಂಗೋತ್ರಿಯ ದಟ್ಟ ಹಸುರು. ಈ ಕೆರೆಯ ಎರಡು ದಡಗಳಲ್ಲಿಯೂ ವಿದ್ಯೆಯೇ ಮನೆಮಾಡಿಕೊಂಡಿದೆ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರ ಜುಲೈ ತಿಂಗಳಿನಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಉದಯಿಸಿತು. ದೇಶೀಯ ಸಂಸ್ಥಾನವೊಂದರಲ್ಲಿ ಸ್ಥಾಪಿತವಾದ ಮೊತ್ತಮೊದಲ ವಿಶ್ವವಿದ್ಯಾನಿಲಯವೆಂಬ ಕೀರ್ತಿ ಅದರದು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಕೆರೆಯಾಚೆಯ ಸ್ನಾತಕೋತ್ತರ ವಿದ್ಯಾಕೇಂದ್ರಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟರು. ಮನಸ್ಸಿನ ಗಂಗೆಯು ಹುಟ್ಟುವ ತಾಣ! ಹೆಸರೇನೋ ಹಿರಿದು. ಆದರೆ ಗಂಗೋತ್ರಿಯವರೆಗೆ ನಡೆದುಹೋಗುವ ಭಾಗ್ಯವು ಎಲ್ಲರ ಪಾಲಿಗೂ ಇರುವುದಿಲ್ಲ. ಹದಿನೆಂಟರಲ್ಲಿ ಕೆಲಸಕ್ಕೆ ಸೇರಿದವನು, ಇಪ್ಪತ್ತರಲ್ಲಿ ತಾಳಿ ಕಟ್ಟಿಸಿಕೊಂಡವಳು, ತಮ್ಮಂದಿರ ಶುಲ್ಕಕ್ಕಾಗಿ ತನ್ನ ಓದನ್ನು ಬಿಟ್ಟುಕೊಟ್ಟ ಅಣ್ಣ—ಇಂಥವರ ಗತಿಯೇನು?

ಈ ಪ್ರಶ್ನೆಗೆ ಉತ್ತರವೆಂಬಂತೆ 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಕಳುಹಿಸುವ ಸಂಸ್ಥೆಯನ್ನು ತೆರೆಯಿತು. ಆ ಬೀಜವೇ ಬೆಳೆದು, 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮಾನಸಗಂಗೋತ್ರಿಗೆ ಹೊಂದಿಕೊಂಡಿರುವ ಅದರ ಆವರಣದ ಹೆಸರು ‘ಮುಕ್ತಗಂಗೋತ್ರಿ’.

ಪ್ರವೇಶದ ದಿನಗಳಲ್ಲಿ ಇಲ್ಲಿಗೆ ಬರುವವರನ್ನು ನೋಡುವುದೇ ಒಂದು ಅನುಭವ. ಬೇರೆ ಕಾಲೇಜುಗಳಲ್ಲಿ ತಂದೆತಾಯಿಯರು ಮಕ್ಕಳ ಕೈಹಿಡಿದು ಬರುತ್ತಾರೆ. ಇಲ್ಲಿ ಮಕ್ಕಳೇ ತಾಯಿಯನ್ನು ಕರೆತರುವುದುಂಟು. ಹುಣಸೂರಿನ ಬಸ್ಸಿನಿಂದ ಇಳಿದ ನಲವತ್ತೆರಡರ ಗೃಹಿಣಿಯೊಬ್ಬರು ಕಾಗದಪತ್ರಗಳ ಚೀಲವನ್ನು ಎದೆಗವಚಿಕೊಂಡು ಮಗಳೊಡನೆ ಸರದಿಯಲ್ಲಿ ನಿಂತಿದ್ದಾರೆ.

“ಪ್ರವೇಶ ಮಗಳಿಗೇನಮ್ಮಾ?” ಎಂದು ಗುಮಾಸ್ತರು ತಲೆಯೆತ್ತದೆಯೇ ಕೇಳುತ್ತಾರೆ.

“ಅಲ್ಲ ಸಾರ್, ನನಗೆ.”

ಗುಮಾಸ್ತರು ತಲೆಯೆತ್ತುತ್ತಾರೆ. ಅವರಿಗೇನೂ ಇದು ಹೊಸದಲ್ಲ. ಆದರೆ ಆ ಎರಡು ಮಾತನ್ನಾಡಲು ಆಕೆಗೆ ಇಪ್ಪತ್ತಮೂರು ವರುಷ ಹಿಡಿದಿದೆ.

ಮನೆಯಲ್ಲಿ ‘ಈ ವಯಸ್ಸಿಗೇಕೆ?’ ಎಂಬ ಮಾತನ್ನು ಗೆದ್ದು ಬಂದವರಿಗೆ ಇಲ್ಲಿ ಎದುರಾಗುವುದು ಕಾಗದಗಳ ತೊಡಕು. ಪಿ.ಯು.ಸಿ. ಅಂಕಪಟ್ಟಿ ಟ್ರಂಕಿನ ತಳದಲ್ಲಿ ಸಿಕ್ಕಿತು; ಅದರಲ್ಲಿ ತವರಿನ ಹೆಸರು. ಆಧಾರ್ ಚೀಟಿಯಲ್ಲಿ ಗಂಡನ ಮನೆಯ ಹೆಸರು. ಇಬ್ಬರೂ ಒಬ್ಬಳೇ ಎಂದು ನೋಟರಿಯವರ ಮುಂದೆ ಪ್ರಮಾಣಪತ್ರ ಮಾಡಿಸಿ ತರಬೇಕು! ಈಗ ಅರ್ಜಿ ತುಂಬುವುದು ಗಣಕಯಂತ್ರದ ಜಾಲದಲ್ಲಿ. 2024ರಿಂದ ದೂರಶಿಕ್ಷಣಕ್ಕೆ ಸೇರುವವರು ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ತಾಣದಲ್ಲಿ ಮೊದಲು ತಮ್ಮ ಗುರುತಿನ ಸಂಖ್ಯೆಯನ್ನು ಪಡೆದಿರಬೇಕು. ಆ ಕೆಲಸವನ್ನೆಲ್ಲ ಮಾಡಿಕೊಟ್ಟವಳು ಮಗಳು. ಅವಳಿಗೆ ಅಕ್ಷರ ತಿದ್ದಿಸಿದ ಕೈ ಇಂದು ಅವಳ ಪಕ್ಕದಲ್ಲಿ ಕುಳಿತು ಗುಂಡಿಯೊತ್ತಲು ಕಲಿಯಿತು.

ಮುಕ್ತಗಂಗೋತ್ರಿಯೂ ಸಂಕಟದ ದಿನಗಳನ್ನು ಕಂಡಿದೆ. ರಾಜ್ಯದ ಗಡಿಯಾಚೆಗೆ ಪಾಠಕ್ರಮಗಳನ್ನು ನಡೆಸಿತೆಂಬ ಕಾರಣದಿಂದ 2015ರಲ್ಲಿ ಯು.ಜಿ.ಸಿ.ಯು ಅದರ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ದುಡಿಮೆಯ ನಡುವೆ ಓದಿದ ಸಾವಿರಾರು ಜನ ತಮ್ಮ ಪದವಿಯ ಬೆಲೆಯೇನೆಂದು ಕಂಗೆಟ್ಟರು. 2018ರಲ್ಲಿ ಮಾನ್ಯತೆಯು ಮರಳಿ ದೊರೆಯಿತು. ಆದುದರಿಂದ ಅರ್ಜಿ ಹಾಕುವವರು ಯಾವ ವಿಶ್ವವಿದ್ಯಾನಿಲಯವೇ ಆಗಲಿ, ತಾವು ಬಯಸುವ ಪಾಠಕ್ರಮಕ್ಕೆ ಆ ವರುಷದ ಮಾನ್ಯತೆಯುಂಟೇ ಎಂದು ಯು.ಜಿ.ಸಿ.ಯ ಪಟ್ಟಿಯಲ್ಲಿ ನೋಡಿಕೊಳ್ಳುವುದು ಒಳಿತು. ತರುಣರಿಗೆ ಕಳೆದುಹೋದ ಒಂದು ವರುಷ ಮತ್ತೆ ಸಿಕ್ಕೀತು. ನಡುವಯಸ್ಸಿನವರು ಅಷ್ಟು ಶ್ರೀಮಂತರಲ್ಲ.

ಗುಮಾಸ್ತರು ಕಾಗದಗಳನ್ನು ಹಿಂದಿರುಗಿಸುತ್ತಾರೆ. “ಪ್ರಮಾಣಪತ್ರವೊಂದು ಬೇಕಮ್ಮಾ. ಕೊನೆಯ ದಿನ ಇನ್ನೂ ದೂರವಿದೆ. ಮುಂದಿನ ವಾರ ಬನ್ನಿ.”

ಬಸ್ಸಿಗೆ ಹೊತ್ತಿರುವುದರಿಂದ ತಾಯಿಮಗಳು ಕೆರೆಯ ಏರಿಗೆ ಬರುತ್ತಾರೆ. ಹಿಂದೆ, 1920ರ ದಶಕದಲ್ಲಿ, ವಿಶ್ವವಿದ್ಯಾನಿಲಯದ ಪ್ರವೇಶಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿಯೇ ಅನುತ್ತೀರ್ಣನಾದ ತರುಣನೊಬ್ಬನು ಇದೇ ಕೆರೆಯ ದಂಡೆಯಲ್ಲಿ ಪುಸ್ತಕ ಹಿಡಿದು ಕುಳಿತಿರುತ್ತಿದ್ದನು. ಅವನು 1930ರಲ್ಲಿ ಬಿ.ಎ. ಮುಗಿಸಿದನು, ಜಗತ್ತು ಅವನನ್ನು ಆರ್. ಕೆ. ನಾರಾಯಣ್ ಎಂದು ಬಲ್ಲದು. ತಡವಾಗಿ ಬಂದವರನ್ನು ಈ ನೀರು ಹಿಂದೆಯೂ ಕಂಡಿದೆ.

“ಮತ್ತೆ ಬರಬೇಕಾಯಿತಲ್ಲಮ್ಮಾ,” ಎಂದು ಮಗಳು ಬೇಸರಿಸುತ್ತಾಳೆ.

“ಬರೋಣ ಬಿಡೇ. ಇಷ್ಟು ವರುಷ ಕಾದವಳಿಗೆ ಒಂದು ವಾರ ಹೆಚ್ಚೆ?” ಎನ್ನುತ್ತಾ ತಾಯಿ ಚೀಲವನ್ನು ಮತ್ತೊಮ್ಮೆ ತೆರೆದು, ಅಂಕಪಟ್ಟಿ ಇದ್ದಲ್ಲಿಯೇ ಇದೆಯೇ ಎಂದು ನೋಡಿಕೊಳ್ಳುತ್ತಾರೆ.