ಕಾಫಿಯ ಮಲೆಯಿಂದ ಹೊರಟ ಬಾಲಿಕೆಯರು

ಕಳೆದ ಮಾರ್ಗಶಿರ ಮಾಸದಲ್ಲಿ ನಾವು ಚಿಕ್ಕಮಗಳೂರಿನಿಂದ ಹೊರಟು, ಮೂಡಿಗೆರೆಯ ಮಾರ್ಗವಾಗಿ ಕಳಸಕ್ಕೆ ಹೋಗಿ, ಶ್ರೀ ಕಳಸೇಶ್ವರನ ದರ್ಶನ ಮಾಡಿಕೊಂಡು ಬಂದೆವು. ಅದು ಕಾಫಿಯ ಹಣ್ಣು ಕೊಯ್ಯುವ ಕಾಲ. ದಾರಿಯ ಎರಡು ಕಡೆಗಳಲ್ಲಿಯೂ ನೆರಳುಮರಗಳ ಕೆಳಗೆ ಗಿಡಗಳು ಕೆಂಪು ಹಣ್ಣಿನ ಭಾರದಿಂದ ಬಾಗಿದ್ದುವು. ಈ ಗಿರಿಗಳ ಸೊಬಗನ್ನು ಬಣ್ಣಿಸಿದವರು ಬಹುಮಂದಿ ಇರುವುದರಿಂದ ನಾವು ಅದನ್ನು ಮತ್ತೆ ಬಣ್ಣಿಸಹೊರಟಿಲ್ಲ. ದಾರಿಯಲ್ಲಿ ಕಂಡ ಒಂದು ಹಳೆಯ ಬಂಗಲೆಯು ನಮ್ಮಲ್ಲಿ ಹುಟ್ಟಿಸಿದ ವಿಚಾರವನ್ನು ವಾಚಕರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಮೂಡಿಗೆರೆಯಿಂದಾಚೆಗೆ, ನಮ್ಮ ಪೂರ್ವಶಿಷ್ಯನೊಬ್ಬನು ರೈಟರಾಗಿರುವ ತೋಟದಲ್ಲಿ ಒಂದು ರಾತ್ರಿ ತಂಗಿದ್ದೆವು. ಬಂಗಲೆಯನ್ನು ಕಟ್ಟಿಸಿದವರು ಹಿಂದಿನ ಕಾಲದ ಇಂಗ್ಲಿಷ್ ದೊರೆಗಳು. ಅದರ ಒಂದು ಮೂಲೆಯಲ್ಲಿ ಚಿಕ್ಕದೊಂದು ಕೋಣೆ. ಈಗ ಅದರಲ್ಲಿ ಮೆಣಸಿನ ಮೂಟೆಗಳಿವೆ. "ಇದು ದೊರೆಯ ಮಗಳ ಕೋಣೆಯಂತೆ, ಮೇಷ್ಟ್ರೇ. ಏಳು ವರ್ಷ ತುಂಬಿದ ಮೇಲೆ ಆ ಮಗು ಇಲ್ಲಿ ಇರಲಿಲ್ಲವಂತೆ" ಎಂದು ಶಿಷ್ಯನು ಹೇಳಿದನು. ಆ ಮಗು ಎಲ್ಲಿಗೆ ಹೋಯಿತು, ಏತಕ್ಕೆ ಹೋಯಿತು ಎಂಬ ಚಿಂತೆಯಲ್ಲಿ ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಬಾಬಾ ಬುಡನ್ ಎಂಬ ಸಂತನು ಅರಬ್ಬೀ ದೇಶದಿಂದ ಏಳು ಕಾಫಿಬೀಜಗಳನ್ನು ತಂದು ಈ ಗಿರಿಗಳಲ್ಲಿ ನೆಟ್ಟನೆಂಬ ಐತಿಹ್ಯವು ಎಲ್ಲರಿಗೂ ತಿಳಿದೇ ಇದೆ. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಕ್ಯಾನನ್ ಎಂಬ ಆಂಗ್ಲನು ಬಾಬಾಬುಡನ್‌ಗಿರಿಯ ದಕ್ಷಿಣದ ಶ್ರೇಣಿಯಲ್ಲಿ ತೋಟವನ್ನು ಮಾಡಿದನು. ಅವನ ಹಿಂದೆ ಮತ್ತೆ ಹಲವರು ಬಂದರು. ಆಗ ಈ ಸೀಮೆಗೆ ಕಡೂರು ಜಿಲ್ಲೆಯೆಂದು ಹೆಸರು. ದೊರೆಗಳು ಹೆಂಡತಿಯರನ್ನು ಕರೆತಂದರು, ಮಕ್ಕಳು ಹುಟ್ಟಿದರು. ಆಯಾಳ ಮಡಿಲಲ್ಲಿ ಬೆಳೆದ ಶಿಶುಗಳು ಕನ್ನಡವನ್ನೋ ತುಳುವನ್ನೋ ಮೊದಲು ತೊದಲಿದ್ದರೆ ಅದರಲ್ಲಿ ಆಶ್ಚರ್ಯವೇನು? ತಾಯಿತಂದೆಗಳಿಗೆ ಮಲೆನಾಡಿನ ಜ್ವರದ ಭಯ ಒಂದು, ಈ ತೊದಲಿನ ಭಯ ಇನ್ನೊಂದು. ಈ ದೇಶದಲ್ಲಿಯೇ ಬೆಳೆದವರ ಇಂಗ್ಲಿಷ್ ಉಚ್ಚಾರಣೆಗೆ ಅವರು 'ಚೀಚೀ' ಎಂದು ಹೀಯಾಳಿಕೆಯ ಹೆಸರಿಟ್ಟಿದ್ದರು. ಆದಕಾರಣ ಆರೇಳು ವರ್ಷವಾಗುತ್ತಲೇ ಮಗುವನ್ನು ದೂರದ ಶಾಲೆಗೆ ಕಳುಹಿಸುವುದು ವಾಡಿಕೆಯಾಗಿದ್ದಿತು. ಮುಂಬಯಿಯಲ್ಲಿ ಹುಟ್ಟಿದ ಕವಿ ಕಿಪ್ಲಿಂಗನನ್ನೂ ಅವನ ಮೂರು ವರ್ಷದ ತಂಗಿಯನ್ನೂ 1871ರಲ್ಲಿ ಹೀಗೆಯೇ ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ ಬಿಟ್ಟುಬಂದರು.

ಶಾಲೆಗೆ ಸೇರಿದ ಮೇಲೆ ಎಲ್ಲರಿಗೂ ಒಂದೇ ಉಡುಪು, ಒಂದೇ ಊಟ, ಒಂದೇ ಪ್ರಾರ್ಥನೆ. ಹೊರಗಿನಿಂದ ನೋಡಿದವರು ಇದನ್ನು ಸಮಾನತೆಯೆಂದು ಭ್ರಮಿಸಿಯಾರು. ಆದರೆ ಭೇದವೆಲ್ಲವೂ ಬಾಗಿಲಿನಲ್ಲಿಯೇ ಮುಗಿದುಹೋಗಿರುತ್ತಿದ್ದಿತು. 1853ರಲ್ಲಿ ಸ್ಥಾಪಿತವಾದ ಚೆಲ್ಟನ್‌ಹ್ಯಾಮಿನ ಪ್ರಸಿದ್ಧ ಬಾಲಿಕಾ ವಿದ್ಯಾಲಯವು ಕುಲೀನರ ಮಕ್ಕಳಿಗೆ ಮೀಸಲಾಗಿದ್ದು, ಅಂಗಡಿಕಾರರ ಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಸೇನಾಧಿಕಾರಿಗಳ ಪುತ್ರಿಯರಿಗೆ ಬಾತ್ ನಗರದಲ್ಲಿ 1865ರಿಂದ ಬೇರೆ ಶಾಲೆ. ಬಳ್ಳಾರಿ, ಬೆಂಗಳೂರುಗಳಲ್ಲಿ ಕೆಲಸಮಾಡಿದಂಥ ಮಿಷನರಿಗಳ ಪುತ್ರಿಯರಿಗಾಗಿ 1838ರಲ್ಲಿ ಆರಂಭವಾದ ವಾಲ್ತಮ್‌ಸ್ಟೋ ಹಾಲ್ ಇನ್ನೊಂದು. ಅದು 1882ರಲ್ಲಿ ಸೆವೆನೋಕ್ಸ್ ಎಂಬ ಊರಿಗೆ ಹೋಯಿತು.

ಹಡಗಿನ ವೆಚ್ಚವನ್ನು ಭರಿಸಲಾರದವರು ಮಕ್ಕಳನ್ನು ಈ ದೇಶದ ಶಾಲೆಗಳಿಗೇ ಕಳುಹಿಸಿದರು. ಈ ಮಲೆಗಳಿಂದ ಗಾಡಿಯಲ್ಲಿ ಕಡೂರಿಗೆ ಇಳಿದು, ಅಲ್ಲಿ ರೈಲು ಹತ್ತಿ ಬೆಂಗಳೂರನ್ನು ಸೇರಬೇಕು. ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಸನ್ಯಾಸಿನಿಯರು 1854ರಿಂದಲೂ, ಬಿಷಪ್ ಕಾಟನ್ ಶಾಲೆಯವರು 1865ರಿಂದಲೂ ಪಾಠ ಹೇಳುತ್ತಿದ್ದರು. ನೀಲಗಿರಿಯ ಕೂನೂರಿನಲ್ಲಿ ಮಿಷನರಿಗಳ ಮಕ್ಕಳಿಗಾಗಿ 1899ರಲ್ಲಿ ಹೆಬ್ರಾನ್ ಶಾಲೆಯು ಆರಂಭವಾಯಿತು. ಸಾಮಾನ್ಯ ಸಿಪಾಯಿಗಳ ಮಕ್ಕಳಿಗಾದರೋ 1858ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾದ ಲಾರೆನ್ಸ್ ಆಶ್ರಮವೇ ಗತಿಯಾಗಿದ್ದಿತು. ಹೀಗೆ ತಂದೆಯ ಉದ್ಯೋಗವನ್ನು ಕೇಳಿದರೆ ಮಗಳ ಶಾಲೆಯನ್ನು ಹೇಳಬಹುದಾಗಿದ್ದಿತು.

ಇವರಿಗಿಂತಲೂ ಕೆಳಗೆ ಇನ್ನೊಂದು ಮೆಟ್ಟಿಲಿದ್ದಿತು. ಗೌರಾಂಗ ತಂದೆಗೂ ಈ ದೇಶದ ತಾಯಿಗೂ ಹುಟ್ಟಿದ ಮಕ್ಕಳು ಆ ಮೆಟ್ಟಿಲಿನವರು. ಕಲಿಂಪೋಂಗಿನಲ್ಲಿ ಡಾಕ್ಟರ್ ಗ್ರಹಾಮ್ ಎಂಬ ಸ್ಕಾಟಿಷ್ ಪಾದ್ರಿಯು 1900ರಲ್ಲಿ ಒಂದು ವಸತಿಶಾಲೆಯನ್ನು ತೆರೆದದ್ದು ಚಹಾತೋಟಗಳ ಇಂಥ ಮಕ್ಕಳಿಗಾಗಿಯೇ. 1908ರಿಂದ ಮೂವತ್ತು ವರ್ಷಗಳ ಕಾಲ ಅವರಲ್ಲಿ ಅನೇಕರನ್ನು ನ್ಯೂಜಿಲೆಂಡಿಗೆ ಕಳುಹಿಸಲಾಯಿತು. ದೊರೆಯ ಮಗಳು ರಜದಲ್ಲಿ ಬಂಗಲೆಗೆ ಮರಳಿಯಾಳು. ಈ ಮಕ್ಕಳಿಗೆ ಮರಳುವ ದಾರಿಯೇ ಇರಲಿಲ್ಲ.

ಇದನ್ನು ಓದಿ ಆಂಗ್ಲರನ್ನು ಹಳಿಯಲು ಹೊರಡುವ ಮುನ್ನ ನಮ್ಮ ಮನೆಯ ಕಡೆಗೂ ಕಣ್ಣು ಹಾಯಿಸಬೇಕು. ಮೈಸೂರಿನಲ್ಲಿ 1881ರಲ್ಲಿ ಆರಂಭವಾದ ಮಹಾರಾಣಿಯವರ ಬಾಲಿಕಾಪಾಠಶಾಲೆಯು ಸ್ತ್ರೀವಿದ್ಯೆಗೆ ದೀಪ ಹಚ್ಚಿದ ಸಂಸ್ಥೆ. ಆದರೂ ಮೊದಮೊದಲು ಅದೂ ಮೇಲುಜಾತಿಯ ಹುಡುಗಿಯರಿಗಾಗಿಯೇ ಇದ್ದಿತು. ಘಟ್ಟದ ಕೆಳಗಿನಿಂದ ಬಂದು ಲೈನಿನ ಮನೆಗಳಲ್ಲಿದ್ದು, ತಾಯಿಯ ಸೆರಗು ಹಿಡಿದು ಹಣ್ಣು ಆಯುತ್ತಿದ್ದ ಹುಡುಗಿಗೆ ಆ ಶಾಲೆಯೂ ಇಲ್ಲ, ಈ ಶಾಲೆಯೂ ಇಲ್ಲ. ಎಲ್ಲ ಶಾಲೆಯ ಶುಲ್ಕವನ್ನೂ ಕಾಫಿಯ ಗಿಡವೇ ಕೊಟ್ಟಿತು. ಹಣ್ಣು ಆಯ್ದವಳಿಗೆ ಮಾತ್ರ ಕೊಡಲಿಲ್ಲ.

ಮಾರನೆಯ ದಿನ ಕೊಟ್ಟಿಗೆಹಾರದ ಮೇಲೆ ಹಾದು ಕಳಸವನ್ನು ಸೇರಿದೆವು. ದೇವಾಲಯದ ಎತ್ತರದ ಮೆಟ್ಟಿಲುಗಳ ಮೇಲೆ ಕುಳಿತಿದ್ದಾಗ, ರಾತ್ರಿಯೆಲ್ಲ ನಮ್ಮನ್ನು ಕಾಡಿದುದು ಬಂಗಲೆಯ ಮಗು ಮಾತ್ರವಲ್ಲವೆಂಬುದು ಸ್ಪಷ್ಟವಾಯಿತು.

1990ರ ಸುಮಾರಿನ ಮಾತು. ನಾವು ಆಗ ಇದ್ದ ಶಾಲೆಯಲ್ಲಿ ದಾಖಲಾತಿಯ ಪುಸ್ತಕವು ನಮ್ಮ ವಶದಲ್ಲಿದ್ದಿತು. ಒಂದು ದಿನ ತೋಟದ ಹೆಣ್ಣಾಳೊಬ್ಬಳು ಏಳು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಮಗುವಿನ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಿದ್ದಳು. ನಾವು ತಂದೆಯ ಹೆಸರನ್ನು ಕೇಳಿದೆವು. ಆಕೆ ನೆಲ ನೋಡಿದಳು. ಮತ್ತೆ ಕೇಳಿದೆವು. "ನನ್ನ ಹೆಸರು ಬರ್ಕೊಳ್ಳಿ ಸ್ವಾಮಿ" ಎಂದಳು. ಅಂಕಣವು ಖಾಲಿಯಿರಕೂಡದು, ಹೆಸರು ತಿಳಿದುಕೊಂಡು ನಾಳೆ ಬಾ ಎಂದು ಹೇಳಿ ಕಳುಹಿಸಿದೆವು. ಆ ನಾಳೆ ಬರಲೇ ಇಲ್ಲ. ನಾವು ವಿಚಾರಿಸಲೂ ಇಲ್ಲ.

ಅದೇ ವರ್ಷ ದೊಡ್ಡ ತರಗತಿಗೆ ಛಾಂದೋಗ್ಯದ ಸತ್ಯಕಾಮನ ಕಥೆಯನ್ನು ರಸವತ್ತಾಗಿ ಹೇಳಿದ್ದೆವು. ಗುರುವು ಗೋತ್ರವನ್ನು ಕೇಳಿದಾಗ ಆ ಬಾಲಕನು, ತಾಯಿಗೇ ಅದು ತಿಳಿಯದು, ತಾನು ಜಬಾಲೆಯ ಮಗನಾದ ಸತ್ಯಕಾಮನೆಂದು ಇದ್ದುದನ್ನು ಇದ್ದಂತೆ ಹೇಳಿದನು. ನೀನು ಸತ್ಯವನ್ನು ಬಿಡಲಿಲ್ಲವೆಂದು ಗೌತಮನು ಸಮಿತ್ತನ್ನು ತರಹೇಳಿ ಅವನನ್ನು ಶಿಷ್ಯನನ್ನಾಗಿ ಮಾಡಿಕೊಂಡನು. ನಮ್ಮ ಬಾಗಿಲಿಗೆ ಜಬಾಲೆಯೇ ಬಂದಿದ್ದಳು, ನಾವು ಗೌತಮರಾಗಲಿಲ್ಲ.

ಇಂದು ಪ್ರವೇಶಪತ್ರಗಳಲ್ಲಿ ತಾಯಿಯ ಹೆಸರಿಗೂ ಸ್ಥಳವುಂಟು. ಆದರೂ ಮಗುವನ್ನು ಕಂಡೊಡನೆ "ಯಾರ ಮಗಳು?" ಎಂದು ಕೇಳುವ ಅಭ್ಯಾಸವು ನಮ್ಮ ನಾಲಿಗೆಯನ್ನು ಬಿಟ್ಟಿಲ್ಲ. ಕಳಸದಿಂದ ಮರಳುವಾಗ ಬಸ್ಸಿನಲ್ಲಿ ಲೈನಿನ ಮಕ್ಕಳು ಶಾಲೆಯ ಚೀಲ ಹೊತ್ತು ಹತ್ತಿದರು. ಪಕ್ಕದಲ್ಲಿ ಕುಳಿತ ಹುಡುಗಿಯೊಡನೆ ಮಾತಾಡಬೇಕೆನಿಸಿ ಬಾಯಿ ತೆರೆದೆವು. ಹಳೆಯ ಪ್ರಶ್ನೆಯೇ ತುದಿನಾಲಿಗೆಗೆ ಬಂದಿತು. ಅದನ್ನು ನುಂಗಿ, "ಏನು ಓದುತ್ತಿದ್ದೀಯಮ್ಮ?" ಎಂದು ಕೇಳಿದೆವು. ಅವಳು ಪುಸ್ತಕವನ್ನು ತೆರೆದು ಮೂಡಿಗೆರೆಯವರೆಗೂ ನಮಗೆ ಪಾಠ ಓದಿ ಹೇಳಿದಳು.