ಸಿಸ್ಟರ್ "ಆಗೋಲ್ಲ" ಅಂದ ದಿನ

ಪಕ್ಕದ ಮನೆಯಲ್ಲೇ ನರ್ಸ್ ಇದ್ದರೆ ಡಾಕ್ಟರ ಹಂಗೇಕೆ ಅಂತ ನಿಮಗೂ ಅನ್ನಿಸಿರಬಹುದು. ಅತ್ತೆಗೆ ಜ್ವರ ಬಂದಾಗ ನಮ್ಮವರ ಹಳೇ ಚೀಟಿ ತೋರಿಸಿ ಪೆನಿಸಿಲಿನ್ ತಂದು, "ಸಿಸ್ಟರ್, ಇದೊಂದು ಚುಚ್ಚಿಬಿಡಿ" ಎಂದೆ. ಅವರು ಜ್ವರ ನೋಡಿದರು, ಸೂಜಿ ಮುಟ್ಟಲಿಲ್ಲ. ನನಗೋ ಕೆಟ್ಟ ಕೋಪ!

"ಔಷಧಿ ಬರೆಯೋ ಅಧಿಕಾರ ಕಾನೂನು ನನಗೆ ಕೊಟ್ಟಿಲ್ಲ ಅಕ್ಕಾ. ಯಾವ ಕೆಲಸಕ್ಕೂ ಮುಂಚೆ ಮೂರು ಕೇಳಿಕೋತೀನಿ. ಇದನ್ನ ಕಲಿತಿದ್ದೀನಾ? ಈ ರೋಗಿಗೇ ಡಾಕ್ಟರು ಬರೆದಿದ್ದಾರಾ? ಹೆಚ್ಚುಕಮ್ಮಿಯಾದರೆ ಇಲ್ಲಿ ಸಂಭಾಳಿಸಬಲ್ಲೆನಾ?" ಎಂದರು.

ಗೊಣಗುತ್ತಲೇ ಅತ್ತೆಯನ್ನು ಡಾಕ್ಟರಲ್ಲಿಗೆ ಕರೆದೊಯ್ದೆ. "ಹಿಂದೆ ಯಾವುದಾದರೂ ಔಷಧಿ ಒಗ್ಗದೆ ಹೋಗಿತ್ತೇ?" ಎಂದು ಅವರು ಕೇಳಿದರು. ಅತ್ತೆ ಮೆಲ್ಲಗೆ, "ಒಮ್ಮೆ ಪೆನಿಸಿಲಿನ್‌ಗೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತು" ಅಂದರು. ನನ್ನ ಕೈಕಾಲು ತಣ್ಣಗಾದವು.

ಸಂಜೆಯೇ ಸಿಸ್ಟರ್ ಮನೆಗೆ ಹೋಗಿ ಕ್ಷಮೆ ಕೇಳಿದೆ. ನಿಮ್ಮ ನೆರೆಯ ಸಿಸ್ಟರೂ "ಆಗೋಲ್ಲ" ಎಂದರೆ ಮುನಿಸಿಕೊಳ್ಳಬೇಡಿ.